‘ಸೀರಿಯಸ್ ಅಂತೆ, ಕೂಡಲೇ ಹೊರಟು ಬಾ’

ಕೊಲ್ಲಿಗೆ ಬಂದು ಇಪ್ಪತ್ತು, ಮೂವತ್ತು ವರ್ಷ ಕಳೆದವರಿಗೆ ಟೆಲಿಗ್ರಾಂ ಎಂಬ ಪದದ ಭಯ ಇನ್ನೂ ನೆನಪಿರುತ್ತದೆ. ಊರಿನಲ್ಲಿ ಅಂಚೆಯಣ್ಣ ಅದನ್ನು ಹಿಡಿದು ಅಂಗಳಕ್ಕೆ ಕಾಲಿಟ್ಟರೆ ಸಾಕು, ಓದುವ ಮೊದಲೇ ಒಳಗೆ ಅಳು ಶುರುವಾಗುತ್ತಿತ್ತು. ‘ಮದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೆಟ್ಲಿ’ ಎಂದಿದ್ದರೆ ತಾಯಿ ಹೋಗಿಯೇಬಿಟ್ಟಿದ್ದಾರೆ ಎಂದು ಎಲ್ಲರೂ ತಿಳಿದುಕೊಳ್ಳುತ್ತಿದ್ದರು. ಬರೆದವರಿಗೂ ಗೊತ್ತು, ಓದುವವರಿಗೂ ಗೊತ್ತು. 2013ರ ಜುಲೈನಲ್ಲಿ ಭಾರತದಲ್ಲಿ ಟೆಲಿಗ್ರಾಂ ಸೇವೆ ನಿಂತಿತು. ಆದರೆ ಆ ವಾಕ್ಯ ನಿಲ್ಲಲಿಲ್ಲ. ಈಗ ಅದು ಬೋಟಿಮ್‌ನಲ್ಲೋ ಇಮೋದಲ್ಲೋ ಬರುತ್ತದೆ: ‘ಅಪ್ಪನಿಗೆ ಸ್ವಲ್ಪ ಸೀರಿಯಸ್ ಅಂತೆ, ಐಸಿಯುನಲ್ಲಿ ಇಟ್ಟಿದ್ದಾರೆ, ಕೂಡಲೇ ಹೊರಟು ಬಾ.’

ನಮ್ಮ ಕೂಟದ ನೆರವಿನ ಕೆಲಸದಲ್ಲಿ ಕೆಲವು ವರ್ಷಗಳಿಂದ ಓಡಾಡುತ್ತಿರುವ ನನಗೆ ಈ ವಾಕ್ಯ ಕೇಳಿ ಕೇಳಿ ಅಭ್ಯಾಸವಾಗಿದೆ. ಹೇಳುವವರ ಮೇಲೆ ಕೋಪವಿಲ್ಲ. ಮಗ ಒಬ್ಬನೇ ಇದ್ದಾನೆ, ದೂರ ಪ್ರಯಾಣ ಮಾಡಬೇಕು, ದಾರಿಯಲ್ಲಿ ಏನಾದರೂ ಮಾಡಿಕೊಂಡರೆ ಎಂಬ ಹೆದರಿಕೆಯಿಂದ ಹೇಳುವ ಸುಳ್ಳು ಅದು. ಈ ಸುಳ್ಳಿಗೆ ಎಷ್ಟು ವಯಸ್ಸಾಗಿದೆ ಎಂದು ತಿಳಿಯಬೇಕಾದರೆ ವಾಲ್ಮೀಕಿ ರಾಮಾಯಣದ ಅಯೋಧ್ಯಾಕಾಂಡ ನೋಡಿ. ದಶರಥ ತೀರಿಕೊಂಡಾಗ ಭರತ, ಶತ್ರುಘ್ನರು ದೂರದ ಕೇಕಯದಲ್ಲಿ, ಅಜ್ಜನ ಮನೆಯಲ್ಲಿದ್ದಾರೆ. ವಸಿಷ್ಠರು ದೂತರನ್ನು ಕಳಿಸುತ್ತಾರೆ, ಆದರೆ ತಂದೆಯ ಸಾವನ್ನಾಗಲಿ ರಾಮನ ವನವಾಸವನ್ನಾಗಲಿ ಹೇಳಬೇಡಿ ಎಂದು ಮೊದಲೇ ತಾಕೀತು ಮಾಡಿರುತ್ತಾರೆ. ಕೆಟ್ಟ ಕನಸು ಕಂಡು ಕಳವಳಗೊಂಡಿದ್ದ ಭರತ ಮನೆಯವರ ಕ್ಷೇಮ ಕೇಳಿದರೆ ದೂತರು ಎಲ್ಲರೂ ಚೆನ್ನಾಗಿದ್ದಾರೆ ಎಂಬರ್ಥದ ಮಾತು ಹೇಳಿ, ಬೇಗ ಹೊರಡಿ ಎನ್ನುತ್ತಾರೆ. ಇತ್ತ ಅಯೋಧ್ಯೆಯಲ್ಲಿ ಮಕ್ಕಳ್ಯಾರೂ ಹತ್ತಿರವಿಲ್ಲದ ಕಾರಣ ದಶರಥನ ದೇಹವನ್ನು ಎಣ್ಣೆಯ ಕೊಪ್ಪರಿಗೆಯಲ್ಲಿ ಇಟ್ಟು ಕಾಯುತ್ತಿದ್ದಾರೆ. ನಮ್ಮ ಊರಿನ ಮನೆಗಳಲ್ಲಿ ಈಗ ಬಾಡಿಗೆಗೆ ತರುವ ಫ್ರೀಜರ್ ಪೆಟ್ಟಿಗೆಯ ಕೆಲಸವನ್ನೇ ಅಂದು ಆ ಎಣ್ಣೆ ಮಾಡಿತು.

ಭರತ ಏಳು ರಾತ್ರಿ ದಾರಿಯಲ್ಲಿ ಕಳೆದು ಬರುತ್ತಾನೆ. ಊರು ಸದ್ದಿಲ್ಲದೆ ಬಿದ್ದಿರುವುದನ್ನು ನೋಡಿಯೇ ಅವನ ಎದೆ ಕುಸಿಯುತ್ತದೆ. ತಂದೆಯ ಅರಮನೆಯಲ್ಲಿ ತಂದೆ ಇಲ್ಲ. ತಾಯಿಯ ಬಳಿ ಹೋಗಿ ಕೇಳುತ್ತಾನೆ. ಕೊನೆಗೆ ಸುದ್ದಿ ಹೇಳುವವಳು ಕೈಕೇಯಿ. ಅದೂ ಮಗನಿಗೆ ಸಂತೋಷವಾಗುತ್ತದೆ ಎಂಬ ಲೆಕ್ಕಾಚಾರದಲ್ಲಿ. ದಾರಿಯುದ್ದಕ್ಕೂ ಮುಚ್ಚಿಟ್ಟ ಮಾತು, ಯಾರ ಬಾಯಿಂದ ಬರಬಾರದಿತ್ತೋ ಅವರ ಬಾಯಿಂದಲೇ ಬಂತು. ಮುಚ್ಚಿಟ್ಟವರ ಉದ್ದೇಶ ಒಳ್ಳೆಯದೇ ಇರಬಹುದು. ಆದರೆ ಸುದ್ದಿಯನ್ನು ಯಾರು ಹೇಳಬೇಕು ಎಂಬುದು ಆಗ ಅವರ ಕೈಯಲ್ಲಿ ಉಳಿಯುವುದಿಲ್ಲ.

ನಮ್ಮ ಕಾಲದಲ್ಲಿ ಕೈಕೇಯಿಯ ಜಾಗಕ್ಕೆ ವಾಟ್ಸಾಪ್ ಸ್ಟೇಟಸ್ ಬಂದಿದೆ. ಮನೆಯವರು ‘ಐಸಿಯು’ ಎಂದು ಹೇಳಿ ಫೋನ್ ಇಡುವಷ್ಟರಲ್ಲಿ ಊರಿನ ಯುವಕ ಮಂಡಲದ ಗ್ರೂಪಿನಲ್ಲಿ ಹಾರ ಹಾಕಿದ ಫೋಟೊ, ಕೆಳಗೆ ‘ಓಂ ಶಾಂತಿ’ ಬಂದಿರುತ್ತದೆ. ಕ್ಯಾಂಪಿನ ಮೆಸ್‌ನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದ ಎಲೆಕ್ಟ್ರಿಷಿಯನ್ ಒಬ್ಬರು ತಮ್ಮ ತಂದೆ ಹೋದದ್ದನ್ನು ಹೀಗೆಯೇ ತಿಳಿದುಕೊಂಡರು. ಹಾಕಿದವನು ಪಕ್ಕದ ಮನೆಯ ಹುಡುಗ, ದುಃಖದಿಂದಲೇ ಹಾಕಿದ್ದ. ಅವರು ಊರಿಗೆ ಹೋಗಿ ಎಲ್ಲ ಕಾರ್ಯ ಮುಗಿಸಿ ಬಂದರು. ಆದರೆ ಅಣ್ಣನ ಮೇಲಿನ ಸಿಟ್ಟು ಇಳಿಯಲಿಲ್ಲ. ‘ಊರಿಗೆಲ್ಲ ಗೊತ್ತಿತ್ತು, ನನಗೊಬ್ಬನಿಗೇ ಗೊತ್ತಿರಲಿಲ್ಲ’ ಎಂದು ಈಗಲೂ ಹೇಳುತ್ತಾರೆ.

ಹಾಗಾದರೆ ಊರಿನವರು ಅವರಿಗೇ ನೇರವಾಗಿ ಫೋನ್ ಮಾಡಿ ನಿಜ ಹೇಳಬೇಕಿತ್ತೇ? ನನ್ನ ಮಟ್ಟಿಗೆ ಅದೂ ಸರಿಯಲ್ಲ. ಫೋನ್ ಎತ್ತಿದವನು ಎಲ್ಲಿದ್ದಾನೆ ಎಂದು ಊರಿನಲ್ಲಿ ಕೂತವರಿಗೆ ಕಾಣುವುದಿಲ್ಲ. ಹತ್ತನೇ ಮಹಡಿಯ ಅಟ್ಟಣಿಗೆಯ ಮೇಲಿರಬಹುದು, ಹೈವೇಯಲ್ಲಿ ಟ್ರೇಲರ್ ಓಡಿಸುತ್ತಿರಬಹುದು. ಉಡುಪಿಯಲ್ಲಿ ಬೆಳಿಗ್ಗೆ ಏಳು ಗಂಟೆಯಾದಾಗ ದುಬೈನಲ್ಲಿ ಐದೂವರೆ, ರಿಯಾದ್, ಕುವೈತ್, ದೋಹಾದಲ್ಲಿ ನಾಲ್ಕೂವರೆ. ಒಬ್ಬನೇ ಮಲಗಿದ್ದ ಮನುಷ್ಯ ಕತ್ತಲಲ್ಲಿ ಎದ್ದು ಕುಳಿತು ಆ ಮಾತು ಕೇಳುವುದನ್ನು ಒಮ್ಮೆ ಯೋಚಿಸಿ.

ಸುಳ್ಳು ಹೇಳುವುದೂ ಬೇಡ, ಫೋನಿನಲ್ಲಿ ಸಿಡಿಸುವುದೂ ಬೇಡ. ಮೊದಲ ಫೋನ್ ಹೋಗಬೇಕಾದದ್ದು ಅವನ ಹತ್ತಿರ ಇರುವ ಇನ್ನೊಬ್ಬನಿಗೆ. ರೂಂಮೇಟ್, ಒಂದೇ ಊರಿನ ಗೆಳೆಯ, ಒಳ್ಳೆಯವನಾದರೆ ಫೋರ್‌ಮ್ಯಾನ್. ಆದರೆ ಎಷ್ಟು ಮನೆಗಳಲ್ಲಿ ರೂಂಮೇಟಿನ ನಂಬರ್ ಇದೆ? ಹೆಂಡತಿಯ ಹತ್ತಿರ ಗಂಡನ ನಂಬರ್ ಮಾತ್ರ ಇರುತ್ತದೆ. ಇದನ್ನು ಓದಿದ ಮೇಲೆ ಮಾಡಬಹುದಾದ ಒಂದು ಸಣ್ಣ ಕೆಲಸ: ನಿಮ್ಮ ಜೊತೆ ಇರುವ ಇಬ್ಬರ ನಂಬರುಗಳನ್ನು ಮನೆಗೆ ಕಳಿಸಿ, ಕ್ಯಾಲೆಂಡರಿನ ಹಿಂದೆ ಬರೆದಿಡಲು ಹೇಳಿ.

ಇನ್ನು ಆ ಫೋನ್ ಬಂದ ರೂಂಮೇಟ್ ಏನು ಮಾಡಬೇಕು? ನಾನು ಹತ್ತಿರದಿಂದ ನೋಡಿದ ಒಂದು ಸಂದರ್ಭ ಹೇಳುತ್ತೇನೆ. ಬಾಗಲಕೋಟೆ ಕಡೆಯ ಹುಡುಗ, ಬಂದು ಎರಡು ವರ್ಷವೂ ಆಗಿರಲಿಲ್ಲ. ಊರಿನಿಂದ ಅವನ ಕಾಕಾ ರೂಮಿನ ಹಿರಿಯರಿಗೆ ಫೋನ್ ಮಾಡಿದ್ದರು. ಹಿರಿಯರು ಸೈಟಿಗೆ ಹೋಗಿ ಫೋರ್‌ಮ್ಯಾನ್‌ಗೆ ವಿಷಯ ತಿಳಿಸಿ, ಹುಡುಗನನ್ನು ಕೆಳಗಿಳಿಸಿಕೊಂಡರು. ‘ಆಫೀಸಿನಲ್ಲಿ ಕರೀತಾರೆ’ ಎಂಬ ಸುಳ್ಳನ್ನೂ ಹೇಳಲಿಲ್ಲ. ‘ಬಾ, ರೂಮಿಗೆ ಹೋಗೋಣು’ ಎಂದಷ್ಟೇ ಅಂದರು. ದಾರಿಯಲ್ಲಿ ಹುಡುಗ ಎರಡು ಸಲ ಕೇಳಿದ, ‘ಊರಿಂದ ಫೋನ್ ಬಂದಿತ್ತೇನ್ರಿ?’ ಅವರು ಹೌದು ಎಂದರು, ‘ರೂಮಿಗೆ ಹೋಗಿ ಹೇಳ್ತೀನಿ’ ಎಂದರು. ರೂಮಿನಲ್ಲಿ ಎಸಿ ಹಾಕಿ, ನೀರು ಕೊಟ್ಟು, ಮಂಚದ ಮೇಲೆ ಅವನ ಪಕ್ಕದಲ್ಲೇ ಕೂತರು.

‘ತಮ್ಮಾ, ಸುದ್ದಿ ಚಲೋ ಇಲ್ಲ.’

‘ಅಪ್ಪಗ ಏನಾತ್ರಿ?’

‘ಅಪ್ಪಾರು ಇವತ್ತ ಮುಂಜಾನಿ ತೀರ್ಕೊಂಡ್ರು.’

ಅಷ್ಟೇ. ಆಮೇಲೆ ಬಹಳ ಹೊತ್ತು ಅವರು ಏನೂ ಮಾತಾಡಲಿಲ್ಲ. ಹುಡುಗ ಎದ್ದು ಓಡಾಡಿದ, ಗೋಡೆಗೆ ತಲೆ ಒತ್ತಿ ನಿಂತ, ಮತ್ತೆ ಬಂದು ಕೂತ. ಅವರು ಕೂತಲ್ಲಿಂದ ಏಳಲಿಲ್ಲ. ಅವನೇ ‘ಯಾವಾಗ? ಹೆಂಗಾತು?’ ಎಂದು ಕೇಳಿದ ಮೇಲೆ ಗೊತ್ತಿದ್ದಷ್ಟು ಹೇಳಿ, ಕಾಕಾಗೆ ಫೋನ್ ಹಚ್ಚಿ ಕೊಟ್ಟರು.

ಆ ಹಿರಿಯರು ಓದಿದ್ದು ಏಳನೇ ತರಗತಿ. ಆದರೆ ವೈದ್ಯರಿಗೆ ಕಲಿಸುವುದೂ ಹೆಚ್ಚುಕಡಿಮೆ ಇದನ್ನೇ. ಕೆನಡಾದ ಟೊರೊಂಟೊದಲ್ಲಿದ್ದ ಕ್ಯಾನ್ಸರ್ ವೈದ್ಯ ರಾಬರ್ಟ್ ಬಕ್‌ಮನ್ 1992ರಲ್ಲಿ ಕೆಟ್ಟ ಸುದ್ದಿ ಹೇಳುವ ಬಗೆಯ ಮೇಲೆ ಒಂದು ಪುಸ್ತಕವನ್ನೇ ಬರೆದರು. 2000ದಲ್ಲಿ ವಾಲ್ಟರ್ ಬೈಲ್ ಮತ್ತಿತರರೊಂದಿಗೆ ಸೇರಿ ಅದನ್ನು ಆರು ಹಂತಗಳಾಗಿ ಜೋಡಿಸಿದರು. ಅದಕ್ಕೆ ‘ಸ್ಪೈಕ್ಸ್’ ಎಂದು ಹೆಸರು, ಇಂದು ಬಹಳ ದೇಶಗಳ ವೈದ್ಯಕೀಯ ಶಿಕ್ಷಣದಲ್ಲಿದೆ. ತಕ್ಕ ಜಾಗ ನೋಡಿ ಕೂರುವುದು, ಎದುರಿನವರಿಗೆ ಈಗಾಗಲೇ ಎಷ್ಟು ಗೊತ್ತಿದೆ ಎಂದು ತಿಳಿಯುವುದು, ಎಷ್ಟು ತಿಳಿಯಬೇಕೆಂದಿದ್ದಾರೆ ಎಂದು ಕೇಳುವುದು, ಸರಳ ಮಾತಿನಲ್ಲಿ ಹೇಳುವುದು, ಅವರ ಸಂಕಟಕ್ಕೆ ಜಾಗ ಬಿಡುವುದು, ಕೊನೆಗೆ ಮುಂದೇನು ಎಂದು ಸೇರಿ ಯೋಚಿಸುವುದು. ಮುಖ್ಯ ಸುದ್ದಿಗೆ ಮುಂಚೆ ‘ಸುದ್ದಿ ಚಲೋ ಇಲ್ಲ’ ಎಂಬಂಥ ಒಂದು ಎಚ್ಚರಿಕೆಯ ಮಾತು ಇರಬೇಕು ಎಂಬುದೂ ಅದರಲ್ಲಿದೆ. ಕೇಳುವ ಮನಸ್ಸು ಆ ಒಂದು ಉಸಿರಿನಲ್ಲಿ ತನ್ನನ್ನು ಹಿಡಿದುಕೊಳ್ಳುತ್ತದೆ.

ಪದದ ವಿಚಾರ ಬಂದಿದ್ದರಿಂದ ಒಂದು ಮಾತು. ಸಾವಿಗೆ ಕನ್ನಡದಲ್ಲಿ ಮರೆಮಾತುಗಳು ಬಹಳ. ‘ಹೋಗಿಬಿಟ್ಟರು’, ‘ನಮ್ಮನ್ನು ಬಿಟ್ಟರು’, ‘ಆಗಿಹೋಯ್ತು’, ‘ಶಿವನ ಪಾದ ಸೇರಿದರು’. ಎಲ್ಲವೂ ಮೆತ್ತಗಿವೆ, ಆದರೆ ಗಾಬರಿಯಲ್ಲಿರುವ ಕಿವಿಗೆ ‘ಹೋದರು’ ಎಂದರೆ ‘ಎಲ್ಲಿಗೆ, ಯಾವ ಆಸ್ಪತ್ರೆಗೆ?’ ಎಂದೇ ಕೇಳಿಸುತ್ತದೆ. ಹಾಗೆ ಕೇಳಿದವರನ್ನು ನೋಡಿದ್ದೇನೆ. ಆಗ ಎರಡನೇ ಸಲ ಹೇಳಬೇಕಾಗುತ್ತದೆ, ಅದು ಮೊದಲಿಗಿಂತ ಕಷ್ಟ. ‘ಸತ್ತರು’ ಎನ್ನಲು ನಾಲಗೆ ಏಳುವುದಿಲ್ಲ, ಏಳಬೇಕಾಗಿಯೂ ಇಲ್ಲ. ‘ತೀರಿಕೊಂಡರು’ ಎಂಬ ಪದದಲ್ಲಿ ಮರ್ಯಾದೆಯೂ ಇದೆ, ಅನುಮಾನಕ್ಕೆ ಎಡೆಯೂ ಇಲ್ಲ. ಸಾಧ್ಯವಾದರೆ ಅವರ ಮನೆಮಾತಿನಲ್ಲೇ ಹೇಳಿಸಿ. ತುಳುವಿನವನಿಗೆ ತುಳುವಿನಲ್ಲಿ, ಬ್ಯಾರಿಯವನಿಗೆ ಬ್ಯಾರಿಯಲ್ಲಿ, ಕೊಂಕಣಿಯವನಿಗೆ ಕೊಂಕಣಿಯಲ್ಲಿ. ನಮ್ಮ ಕ್ಯಾಂಪಿನ ಹಿಂದಿ ಸಂಬಳ ಕೇಳಲು ಸಾಕು, ಇದಕ್ಕೆ ಸಾಲದು.

ಹೇಳಿದ ಕೂಡಲೇ ರೂಮು ತುಂಬ ಜನ ಸೇರಿ ‘ಧೈರ್ಯ ತಗೋ’, ‘ಎಲ್ಲ ದೇವರ ಇಚ್ಛೆ’, ‘ವಯಸ್ಸಾಗಿತ್ತಲ್ಲ’ ಎನ್ನುತ್ತಾರೆ. ಇವು ಹೇಳುವವರ ಕಸಿವಿಸಿ ಕಳೆಯಲು ಇರುವ ಮಾತುಗಳು ಎಂದು ನನ್ನ ಅನಿಸಿಕೆ. ಅದರ ಬದಲು ಇಬ್ಬರು ಅವನ ಜೊತೆ ಇರಿ, ಉಳಿದವರು ಕೆಲಸಕ್ಕೆ ಇಳಿಯಿರಿ. ಪಾಸ್‌ಪೋರ್ಟ್ ಯಾರ ಹತ್ತಿರ ಇದೆ, ಸೌದಿಯಾದರೆ ಎಕ್ಸಿಟ್-ರೀಎಂಟ್ರಿ ಆಗಿದೆಯೇ, ಟಿಕೆಟಿಗೆ ದುಡ್ಡೆಷ್ಟು ಸೇರಿಸಬಹುದು. ಯುಎಇಯ 2021ರ ಕಾರ್ಮಿಕ ಕಾನೂನಿನಲ್ಲಿ ಖಾಸಗಿ ಕಂಪನಿಯ ನೌಕರರಿಗೆ ಗಂಡ ಅಥವಾ ಹೆಂಡತಿ ತೀರಿಕೊಂಡರೆ 5 ದಿನ, ತಂದೆ, ತಾಯಿ, ಮಕ್ಕಳು, ಒಡಹುಟ್ಟಿದವರು, ಅಜ್ಜ, ಅಜ್ಜಿ, ಮೊಮ್ಮಕ್ಕಳು ತೀರಿಕೊಂಡರೆ 3 ದಿನ ಸಂಬಳಸಹಿತ ರಜೆ ಇದೆ. ಇದು ನಮ್ಮಲ್ಲಿ ಬಹಳ ಜನರಿಗೆ ಗೊತ್ತಿಲ್ಲ, ಕೆಲವು ಸೂಪರ್‌ವೈಸರುಗಳಿಗೆ ಗೊತ್ತಿದ್ದರೂ ನೆನಪಾಗುವುದಿಲ್ಲ.

ಹೋಗುವುದೋ ಬೇಡವೋ ಎಂಬುದನ್ನು ಮಾತ್ರ ಅವನೇ ತೀರ್ಮಾನಿಸಲಿ. ಮಂಗಳೂರಿನವನು ನೇರ ವಿಮಾನ ಹತ್ತಿ ಸಂಜೆಯೊಳಗೆ ಮನೆ ಸೇರಬಹುದು. ವಿಜಯಪುರ, ಕಲಬುರಗಿ ಕಡೆಯವನಿಗೆ ಬೆಂಗಳೂರಿನಲ್ಲೋ ಹೈದರಾಬಾದಿನಲ್ಲೋ ಇಳಿದು ಮತ್ತೆ ರಾತ್ರಿಯ ಪ್ರಯಾಣ. ‘ಕಾಯಲೋ, ಎತ್ತಲೋ’ ಎಂದು ಊರಿನವರು ಕೇಳುವ ಪ್ರಶ್ನೆಗೆ ಅವನು ಉತ್ತರ ಕೊಡಬೇಕಾದರೆ ನಿಜ ಗೊತ್ತಿರಬೇಕು. ಐಸಿಯು ಕಥೆ ಹೇಳಿದರೆ ಆ ಅಧಿಕಾರವನ್ನೇ ಅವನಿಂದ ಕಿತ್ತುಕೊಂಡಂತೆ. ಹೋಗಲಾಗದವರೂ ಇದ್ದಾರೆ. 2020ರ ಮಾರ್ಚ್ 22ರ ನಂತರ ವಿಮಾನಗಳೇ ಇಲ್ಲದ ತಿಂಗಳುಗಳಲ್ಲಿ ಎಷ್ಟೋ ಮಂದಿ ತಂದೆತಾಯಿಯ ಮುಖವನ್ನು ಮೊಬೈಲಿನಲ್ಲಿ ನೋಡಿದರು. ದೂರದೇಶದಲ್ಲಿ ಸುದ್ದಿ ಕೇಳಿದವನ ಸೂತಕ ಎಷ್ಟು ದಿನ ಎಂದು ಧರ್ಮಶಾಸ್ತ್ರಗಳು ಬೇರೆಯಾಗಿಯೇ ಲೆಕ್ಕ ಹಾಕಿವೆ. ಶಾಫಿ ಪಂಥದ ಮುಸ್ಲಿಮರಲ್ಲಿ ಮಯ್ಯತ್ ಎದುರಿಗಿಲ್ಲದೆಯೂ ಮಾಡುವ ನಮಾಜ್ ಇದೆ. ದೂರ ಉಳಿದವನ ಕಷ್ಟ ಹಿಂದಿನವರಿಗೂ ಗೊತ್ತಿತ್ತು. ಅಂಥವನಿಗೆ ಒಂದು ರೂಮು, ಒಳ್ಳೆಯ ನೆಟ್, ಪಕ್ಕದಲ್ಲಿ ಒಬ್ಬರು, ಇಷ್ಟು ನಾವು ಒದಗಿಸಬಹುದು.

ಇದರ ಇನ್ನೊಂದು ಮಗ್ಗುಲು ಹೆಚ್ಚು ಕಷ್ಟದ್ದು. ಇಲ್ಲಿ ಒಬ್ಬರು ತೀರಿಕೊಂಡು, ಊರಿಗೆ ನಾವು ಹೇಳಬೇಕಾದಾಗ.

2010ರ ಮೇ 22ರ ಬೆಳಿಗ್ಗೆ ದುಬೈನಿಂದ ಹೊರಟ ವಿಮಾನ ಮಂಗಳೂರಿನಲ್ಲಿ ದುರಂತಕ್ಕೀಡಾಗಿ 158 ಜನ ತೀರಿಕೊಂಡರು, ಬದುಕಿದ್ದು 8 ಜನ. ಕರಾವಳಿಯ ಯಾವ ಕುಟುಂಬವೂ ಆ ದಿನ ಮರೆತಿಲ್ಲ. 2024ರ ಜೂನ್ 12ರಂದು ಕುವೈತಿನ ಮಂಗಾಫ್‌ನಲ್ಲಿ ಕಾರ್ಮಿಕರ ಕಟ್ಟಡಕ್ಕೆ ಬೆಂಕಿ ಬಿದ್ದು ಕನಿಷ್ಠ 45 ಭಾರತೀಯರು ಹೋದರು. ಅಂಥ ಹೊತ್ತಿನಲ್ಲಿ ಹೆಸರು ಖಚಿತವಾಗುವ ಮೊದಲೇ ವಿಡಿಯೋಗಳು ಹರಿದಾಡುತ್ತವೆ. ಪೊಲೀಸರೋ ಆಸ್ಪತ್ರೆಯೋ ಕಂಪನಿಯೋ ಖಚಿತಪಡಿಸದೆ ಯಾರಿಗೂ ಹೇಳಬೇಡಿ, ಗ್ರೂಪಿಗಂತೂ ಹಾಕಲೇಬೇಡಿ. ಖಚಿತವಾದ ಮೇಲೆ ತಡಮಾಡಬೇಡಿ.

ಹೆಂಡತಿಗೆ ನೇರ ಫೋನ್ ಮಾಡುವ ಬದಲು ಮೊದಲು ಅವರ ಅಣ್ಣನನ್ನೋ ಮೈದುನನನ್ನೋ ಹಿಡಿಯಿರಿ. ಪಕ್ಕದ ಮನೆಯ ಹೆಂಗಸರೊಬ್ಬರು ಜೊತೆಗಿರುವಂತೆ ನೋಡಿಕೊಳ್ಳಿ. ಆದರೆ ‘ಅವರಿಗೆ ಮಾತ್ರ ಹೇಳಬೇಡಿ, ದೇಹ ಬಂದ ಮೇಲೆ ತಿಳಿಸೋಣ’ ಎಂದು ಮನೆಯ ಗಂಡಸರು ಹೇಳಿದರೆ ಒಪ್ಪಬೇಡಿ. ದೇಹವನ್ನು ಊರಿಗೆ ಕಳಿಸುವುದೋ ಇಲ್ಲೇ ಮಣ್ಣು ಮಾಡುವುದೋ ಎಂಬುದಕ್ಕೆ ವಾರಸುದಾರರ ಒಪ್ಪಿಗೆ ಪತ್ರ ಬೇಕಾಗುತ್ತದೆ. ಗಂಡ ಹೋದದ್ದೇ ಗೊತ್ತಿಲ್ಲದವಳಿಂದ ‘ಆಸ್ಪತ್ರೆಯ ಕಾಗದ’ ಎಂದು ಸಹಿ ಹಾಕಿಸುವುದು ಕರುಣೆಯಲ್ಲ.

ದೇಹ ಯಾವತ್ತು ಬರುತ್ತದೆ ಎಂದು ದಿನ ಹೇಳಬೇಡಿ. ಮರಣ ಪತ್ರ, ಪೊಲೀಸ್ ಅನುಮತಿ, ವೀಸಾ ರದ್ದು, ರಾಯಭಾರ ಕಚೇರಿಯ ಪತ್ರ, ದೇಹ ಕೆಡದಂತೆ ಮಾಡುವ ಕೆಲಸ, ವಿಮಾನದಲ್ಲಿ ಜಾಗ, ಇಷ್ಟೂ ಆಗಬೇಕು. ಅಪಘಾತವೋ ಆತ್ಮಹತ್ಯೆಯೋ ಆಗಿದ್ದರೆ ತನಿಖೆ ಮುಗಿಯಲು ವಾರಗಳೇ ಹಿಡಿಯಬಹುದು. ‘ನಾಡಿದ್ದು ಬರುತ್ತದೆ’ ಎಂದರೆ ಅಲ್ಲಿ ಶಾಮಿಯಾನ ಹಾಕಿ, ನೆಂಟರನ್ನು ಕರೆಸಿ ಕೂತಿರುತ್ತಾರೆ. ‘ಇವತ್ತು ಈ ಕೆಲಸ ಆಯಿತು, ನಾಳೆ ಸಂಜೆ ಆರಕ್ಕೆ ಮತ್ತೆ ಫೋನ್ ಮಾಡುತ್ತೇನೆ’ ಎಂದು ಹೇಳಿ, ಹೇಳಲು ಏನೂ ಇಲ್ಲದಿದ್ದರೂ ಆರಕ್ಕೆ ಫೋನ್ ಮಾಡಿ. ಕಂಪನಿ ಖರ್ಚು ಕೊಡದಿದ್ದರೆ, ಕೈಲಾಗದ ಕುಟುಂಬವಾದರೆ, 2009ರಿಂದ ಇರುವ ಭಾರತೀಯ ಸಮುದಾಯ ಕಲ್ಯಾಣ ನಿಧಿಗೆ ರಾಯಭಾರ ಕಚೇರಿಯ ಮೂಲಕ ಅರ್ಜಿ ಹಾಕಬಹುದು.

ದುಡ್ಡಿನ ಮಾತು, ಗ್ರಾಚ್ಯುಟಿ, ವಿಮೆ ಎಲ್ಲ ಆಮೇಲೆ ಬರುತ್ತವೆ. ಅದಕ್ಕೂ ಮೊದಲು ಮನೆಯ ಹೆಂಗಸರು ಕೇಳುವ ಪ್ರಶ್ನೆಗಳು ಬೇರೆ. ಆ ರಾತ್ರಿ ಊಟ ಮಾಡಿದ್ದರಾ? ಏನು ಅಡುಗೆ ಇತ್ತು? ನೋವು ಅಂತ ಹೇಳಿದ್ದರಾ? ಹತ್ತಿರ ಯಾರಿದ್ದರು? ಕಂಪನಿಯ ಪಿಆರ್‌ಒಗೆ ಇವು ಗೊತ್ತಿರುವುದಿಲ್ಲ, ನನ್ನಂಥ ಸಂಘದವನಿಗೂ ಗೊತ್ತಿರುವುದಿಲ್ಲ. ರೂಮಿನಲ್ಲಿ ಜೊತೆಗಿದ್ದವನಿಗೆ ಮಾತ್ರ ಗೊತ್ತು. ಅವನೂ ಹೆದರಿರುತ್ತಾನೆ, ಫೋನ್ ಹಿಡಿಯಲು ಹಿಂಜರಿಯುತ್ತಾನೆ. ಆದರೂ ಒಂದೆರಡು ದಿನ ಬಿಟ್ಟು ಅವನ ಕೈಗೆ ಫೋನ್ ಕೊಡಿ. ಅನ್ನ, ಮೀನು ಸಾರು ಮಾಡಿದ್ದೆವು, ಎರಡು ಸಲ ಬಡಿಸಿಕೊಂಡರು, ಮಗಳ ಪರೀಕ್ಷೆಯ ಮಾತಾಡಿದರು ಎಂದು ಅವನು ಹೇಳಲಿ. ಹಾಗೆ ಹೇಳುತ್ತಿದ್ದ ಒಬ್ಬನ ಪಕ್ಕದಲ್ಲಿ ನಾನು ಕೂತಿದ್ದೆ. ಆ ಕಡೆಯಿಂದ ಆ ತಾಯಿ ಅಳುತ್ತಲೇ ಇನ್ನೂ ಕೇಳುತ್ತಿದ್ದರು. ಮುಕ್ಕಾಲು ಗಂಟೆ ಮಾತಾಡಿದರು. ಮಾರನೆಯ ದಿನ ಅವರೇ ಮತ್ತೆ ಫೋನ್ ಮಾಡಿ, ನೀನು ಊಟ ಮಾಡಿದೆಯಾ ಮಗಾ ಎಂದು ಅವನನ್ನು ಕೇಳಿದರು.