ಹಾರುವ ಆಸೆ, ಕೆಂಪು ದೂಳು

ಅಣ್ಣ ಸಾಲ ಮಾಡಿ ಕೊಂಡ ಹಳೆಯ ಪೋಲೊ ಜಿಟಿ ಟಿಎಸ್‌ಐಗೆ ಹೊಸ ಏರ್ ಫಿಲ್ಟರ್ ಆರಿಸುವ ಕೆಲಸ ನನ್ನ ಪಾಲಿಗೆ ಬಂತು. ಬಿಇ ಓದುವವನಲ್ಲವೇ! ಎಣ್ಣೆ ಸವರಿದ ಹತ್ತಿಯ ಫಿಲ್ಟರ್ ಹಾಕಿದರೆ ಗಾಡಿ ಹಾರುತ್ತದೆ ಎಂದ ಗೆಳೆಯ. ನನಗೂ ಆಸೆ.

ಹಳೆಯದನ್ನು ಬಿಚ್ಚಿ ಕುಟ್ಟಿದೆ. ಹೊಸಪೇಟೆಯ ಕೆಂಪು ದೂಳು ಅಂಗೈ ತುಂಬಿತು. ಒಂದು ಲೀಟರ್ ಪೆಟ್ರೋಲ್ ಉರಿಯಲು ಸುಮಾರು 9,000 ಲೀಟರ್ ಗಾಳಿ ಬೇಕು. ಅದರ ದೂಳು ಫಿಲ್ಟರ್ ದಾಟಿದರೆ ಟರ್ಬೊ, ಸಿಲಿಂಡರ್ ಸವೆಯುತ್ತವೆ. ಹತ್ತಿಯದು ಗಾಳಿಯನ್ನು ಸಲೀಸಾಗಿ ಬಿಡುತ್ತದೆ. ಆದರೆ ಸಾಮಾನ್ಯವಾಗಿ ನುಣ್ಣನೆಯ ದೂಳನ್ನು ಕಾಗದದಷ್ಟು ಹಿಡಿಯುವುದಿಲ್ಲ. ಬೇರೇನೂ ಬದಲಿಸದ ಎಂಜಿನ್‌ನಲ್ಲಿ ಹೆಚ್ಚುವ ಶಕ್ತಿ ಅತ್ಯಲ್ಪ, ಸದ್ದೇ ಹೆಚ್ಚು.

ಕೊನೆಗೆ ಕಾಗದದ್ದನ್ನೇ ತಂದೆ. ‘ಅಷ್ಟೆಲ್ಲ ಓದಿ ಇದನ್ನೇ ತಂದ್ಯಾ?’ ಎಂದು ಅಣ್ಣ ನಕ್ಕ. ‘ಹೌದಣ್ಣ, ಸಾಲದ ಕಂತು ಮುಗಿಯೋವರೆಗಾದ್ರೂ ಎಂಜಿನ್ ಬಾಳಬೇಕಲ್ಲ!’ ಎಂದೆ.