ಯುವಜನರ ಆತ್ಮಹತ್ಯೆ ತಡೆ: ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಯಲ್ಲಿ ನಾವು ಮಾಡಬಹುದಾದದ್ದು

2003ರಿಂದ ಪ್ರತಿ ವರ್ಷ ಸೆಪ್ಟೆಂಬರ್ 10ರಂದು ವಿಶ್ವ ಆತ್ಮಹತ್ಯೆ ತಡೆ ದಿನವನ್ನು ಆಚರಿಸಲಾಗುತ್ತಿದೆ. ನಮ್ಮ ಧರ್ಮಕೇಂದ್ರಗಳಲ್ಲಿ ಅಂದು ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಕೋರಿಕೆ ಸೇರುತ್ತದೆ, ಯುವ ಸಂಘಟನೆಯವರು ಒಂದು ಭಾಷಣ ಇಟ್ಟುಕೊಳ್ಳುತ್ತಾರೆ. ಒಳ್ಳೆಯದೇ. ಆದರೆ ಹಾವೇರಿ ಜಿಲ್ಲೆಯ ಮಕ್ಕಳಿಗೆ ಕಷ್ಟದ ತಿಂಗಳು ಸೆಪ್ಟೆಂಬರ್ ಅಲ್ಲ, ಮಾರ್ಚ್.

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಸೋಮವಾರ ಮತ್ತು ಗುರುವಾರ ನಡೆಯುತ್ತದೆ. ಫಸಲು ತುಂಬಿ ಬರುವ ದಿನಗಳಲ್ಲೇ ಎಸ್ಸೆಸ್ಸೆಲ್ಸಿ, ದ್ವಿತೀಯ ಪಿಯುಸಿ ಪರೀಕ್ಷೆಗಳು. 2024ರ ಮಾರ್ಚ್ 11ರಂದು ದರ ಕುಸಿದಾಗ ಸಿಟ್ಟಿಗೆದ್ದ ರೈತರು ಎಪಿಎಂಸಿಯಲ್ಲಿ ವಾಹನಗಳಿಗೆ ಬೆಂಕಿ ಹಚ್ಚಿದ್ದು ವಾಚಕರಿಗೆ ನೆನಪಿರಬಹುದು. ಅಂತಹ ದಿನ ಸಂಜೆ ಅಪ್ಪ ಮನೆಗೆ ಬರುವಾಗ ಮೂಲೆಯಲ್ಲಿ ಪುಸ್ತಕ ಹಿಡಿದು ಕೂತ ಹುಡುಗನಿಗೆ ಯಾರೂ ಏನೂ ಹೇಳಬೇಕಾಗಿಲ್ಲ. ಸಾಲ ಎಷ್ಟಿದೆ, ತನ್ನ ಫೀಸು ಎಲ್ಲಿಂದ ಬಂತು, ಎಲ್ಲವೂ ಅವನಿಗೆ ಗೊತ್ತು. ತಾನೇ ಮನೆಗೆ ಭಾರ ಎಂಬ ಯೋಚನೆ ಹುಟ್ಟುವುದು ಹೀಗೆ.

ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ಪ್ರಕಾರ 2022ರಲ್ಲಿ ದೇಶದಲ್ಲಿ 1,70,924 ಮಂದಿ ಆತ್ಮಹತ್ಯೆಯಿಂದ ಸತ್ತರು. ಅವರಲ್ಲಿ 13,044 ವಿದ್ಯಾರ್ಥಿಗಳು. ಪರೀಕ್ಷೆಯಲ್ಲಿ ಅನುತ್ತೀರ್ಣತೆ ಎಂಬ ಕಾರಣದ ಪಾಲು ಶೇ. 2ಕ್ಕಿಂತ ಕಡಿಮೆ, ಕೌಟುಂಬಿಕ ಸಮಸ್ಯೆಗಳದ್ದು ಸುಮಾರು ಮೂರನೇ ಒಂದು ಭಾಗ. ಪೊಲೀಸರು ಬರೆದುಕೊಂಡ ಒಂದೇ ಕಾರಣ ಪೂರ್ಣ ಸತ್ಯವಲ್ಲ ಎಂಬುದು ಬೇರೆ ಮಾತು. ಆದರೂ ಫಲಿತಾಂಶದ ದಿನ ಮಾತ್ರ ಎಚ್ಚರದಿಂದಿದ್ದರೆ ಸಾಲದು ಎಂಬುದು ಸ್ಪಷ್ಟ. (ಅಂದ ಹಾಗೆ, 2024ರಿಂದ ನಮ್ಮ ರಾಜ್ಯದಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ಎರಡಕ್ಕೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ಬರೆಯಲು ಅವಕಾಶವಿದೆ. ಇದನ್ನು ಫಲಿತಾಂಶ ಬಂದ ಮೇಲೆ ಅಲ್ಲ, ಮೊದಲೇ ಮಕ್ಕಳಿಗೆ ಹೇಳಿ.)

ಕರಾವಳಿಯ ನಮಗೂ ಇದಕ್ಕೂ ಏನು ಸಂಬಂಧ ಎಂದು ಕೇಳುವವರಿದ್ದಾರೆ. ಮಂಗಳೂರು, ಉಡುಪಿಯ ಕಟ್ಟಡ ಕೆಲಸ, ಹೋಟೆಲು, ಕಾಲೇಜು ಹಾಸ್ಟೆಲುಗಳಲ್ಲಿ ಹಾವೇರಿ ಕಡೆಯ ಯುವಕ ಯುವತಿಯರು ಬೇಕಾದಷ್ಟಿದ್ದಾರೆ. ಆ ಕಡೆ ಶಾಲೆ, ಆಸ್ಪತ್ರೆ, ಸಮಾಜಸೇವೆ ಎಂದು ಹೋದ ನಮ್ಮ ಧರ್ಮಭಗಿನಿಯರೂ ಗುರುಗಳೂ ಇದ್ದಾರೆ. ಅಲ್ಲಿನ ಮಾತು ತಿಳಿಯದಿದ್ದರೆ ಸೂಚನೆ ತಪ್ಪಿಹೋಗುತ್ತದೆ. 'ಖಿನ್ನತೆ' ಎಂಬ ಪದವನ್ನು ಅಲ್ಲಿ ಯಾರೂ ಬಳಸುವುದಿಲ್ಲ. 'ಬಾಳ ಬ್ಯಾಸರಾಗೈತ್ರಿ', 'ಎದಿ ಬಿಗಿದಂಗಾಗತೈತಿ', 'ರಾತ್ರಿ ನಿದ್ದಿ ಹತ್ತವಲ್ದು' ಎನ್ನುತ್ತಾರೆ. ಎದೆ ಬಿಗಿತಕ್ಕೆ ಮಾತ್ರೆ ಕೊಟ್ಟು ಕಳಿಸುವ ಮೊದಲು ಪಕ್ಕದಲ್ಲಿ ಕೂರಿಸಿಕೊಂಡು ಇನ್ನೆರಡು ಮಾತು ಕೇಳಬೇಕು. ಗೆಳೆಯರಿಂದ ದೂರವಾಗುವುದು, ಪ್ರೀತಿಯ ವಸ್ತುಗಳನ್ನು ಹಂಚಿಬಿಡುವುದು, 'ನಾ ಇಲ್ಲಂದ್ರ ನಿಮಗ ಚಲೋ ಆಗತೈತಿ' ಎನ್ನುವುದು, ಬಹಳ ದಿನ ಕುಗ್ಗಿದ್ದವರು ಒಮ್ಮೆಲೇ ಶಾಂತರಾಗುವುದು, ಇವನ್ನು ತಮಾಷೆ ಎಂದು ಬಿಡಬಾರದು.

ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತಾಗುವುದಿಲ್ಲವೇ? ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನೇ ಹೇಳುತ್ತದೆ. 'ತಮ್ಮಾ, ಸಾಯಬೇಕು ಅಂತ ಏನರೆ ಮನಸ್ಸಿಗೆ ಬಂದೈತೇನು?' ಎಂದು ಮೆತ್ತಗೆ ಕೇಳಿ, ಉತ್ತರ ಬರುವವರೆಗೆ ಸುಮ್ಮನಿರಿ. ಹೌದು ಎಂದರೆ ಬೈಬೇಡಿ, ಬೋಧನೆ ಮಾಡಬೇಡಿ, ಒಬ್ಬರನ್ನೇ ಬಿಟ್ಟು ಏಳಬೇಡಿ. 'ಯಾರಿಗೂ ಹೇಳೂದಿಲ್ಲ' ಎಂಬ ಮಾತನ್ನೂ ಕೊಡಬೇಡಿ. ಪಾಪನಿವೇದನೆಯ ಗುಟ್ಟನ್ನು ಗುರುಗಳು ಯಾವ ಕಾರಣಕ್ಕೂ ಹೊರಗೆ ಹೇಳುವಂತಿಲ್ಲ. ಆದ್ದರಿಂದ ಅಲ್ಲಿ ಇಂತಹ ಮಾತು ಬಂದರೆ, ಅದನ್ನು ಹೊರಗೂ ಹೇಳಿಕೊಳ್ಳುವಂತೆ ಆ ಮಗುವನ್ನು ಒಪ್ಪಿಸುವುದು ಗುರುಗಳ ಕೆಲಸ. ಉಳಿದ ನಮಗೆ ಆ ಬಂಧನವಿಲ್ಲ.

ಇನ್ನು ಒಂದು ವಿಷಯ, ನಮ್ಮ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದದ್ದು. ಹೊಲಕ್ಕೆ ಹೊಡೆಯುವ 'ಎಣ್ಣಿ' ಅಲ್ಲಿ ಹಲವರ ಮನೆಯೊಳಗೇ ಇರುತ್ತದೆ. ಸಾಯುವ ಆವೇಗ ಎಷ್ಟೋ ಸಲ ಕೆಲವು ನಿಮಿಷ, ಕೆಲವು ಗಂಟೆಯದ್ದು. ಆ ಹೊತ್ತು ಕೈಗೆ ಸಿಗದಂತಿದ್ದರೆ ಜೀವ ಉಳಿಯುತ್ತದೆ. ಶ್ರೀಲಂಕಾ ಅತ್ಯಂತ ಅಪಾಯಕಾರಿ ಕೀಟನಾಶಕಗಳನ್ನು ಒಂದೊಂದಾಗಿ ನಿಷೇಧಿಸಿತು. 1995ರ ನಂತರದ ಎರಡು ದಶಕಗಳಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಸುಮಾರು ಶೇ. 70ರಷ್ಟು ಇಳಿಯಿತು. ತಮಿಳುನಾಡಿನ ಕಾಟ್ಟುಮನ್ನಾರ್‌ಕೋಯಿಲ್ ಭಾಗದ ಹಳ್ಳಿಗಳಲ್ಲಿ ರೈತರು ಔಷಧಿಯನ್ನು ಮನೆಯಲ್ಲಿಡದೆ ಊರಿನ ಒಂದು ಕೋಣೆಯ ಬೀಗದ ಪೆಟ್ಟಿಗೆಗಳಲ್ಲಿ ಇಡುವ ಏರ್ಪಾಡು ಮಾಡಿ ನೋಡಲಾಯಿತು, ಆತ್ಮಹತ್ಯೆಗಳು ಕಡಿಮೆಯಾದವು. ಬ್ಯಾಡಗಿ, ರಾಣೆಬೆನ್ನೂರಿನ ಹಳ್ಳಿಗಳಲ್ಲಿ ಇದನ್ನು ಮಾಡಲು ದೊಡ್ಡ ಯೋಜನೆಯೇನೂ ಬೇಕಿಲ್ಲ. ಸ್ವಸಹಾಯ ಸಂಘದ ಅಕ್ಕಂದಿರು ಮನಸ್ಸು ಮಾಡಿದರೆ ಒಂದು ಕೋಣೆ, ನಾಲ್ಕು ಬೀಗ ಹೊಂದಿಸಬಹುದು. ಅದಾಗದಿದ್ದರೆ, ಬೇಕಾದಷ್ಟನ್ನೇ ತಂದು ಅಂದೇ ಹೊಡೆದು ಮುಗಿಸುವಂತೆ ಹೇಳಬಹುದು. ಮನೆಯಲ್ಲಿ ಕುಗ್ಗಿದ ಮಗುವಿದ್ದರೆ ಡಬ್ಬಿಯನ್ನು ಆ ದಿನವೇ ಹೊರಗೆ ಸಾಗಿಸಬೇಕು.

ಚಿಕಿತ್ಸೆ ದೂರವಿಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. 18 ವರ್ಷದೊಳಗಿನವರಿಗೆ 1098 ಇದೆ. ಜೀವಕ್ಕೆ ಅಪಾಯವಾಗಿದ್ದರೆ 108 ಅಥವಾ 112. ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ 'ಮನೋಚೈತನ್ಯ' ಕಾರ್ಯಕ್ರಮವನ್ನು ರಾಜ್ಯ ಸರ್ಕಾರ 2014ರಲ್ಲಿ ಶುರುಮಾಡಿತು. ಯಾವ ಮಂಗಳವಾರ ಎಂದು ನಿಮ್ಮ ತಾಲೂಕು ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸಿಕೊಳ್ಳಿ. ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆ ಇದೆ, ಹೆಚ್ಚಿನ ಚಿಕಿತ್ಸೆಗೆ ಧಾರವಾಡದ ಡಿಮ್ಹಾನ್ಸ್.

ಪೊಲೀಸ್ ಕೇಸಾದೀತೆಂಬ ಹೆದರಿಕೆಯಿಂದ ಆಸ್ಪತ್ರೆಗೆ ತಡವಾಗಿ ಕರೆದೊಯ್ಯುವವರು ಈಗಲೂ ಇದ್ದಾರೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯು ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಒತ್ತಡದಲ್ಲಿದ್ದವರೆಂದೇ ಪರಿಗಣಿಸುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಕಲಂ ಇಲ್ಲವೇ ಇಲ್ಲ. ಆಸ್ಪತ್ರೆಯವರು ಪೊಲೀಸರಿಗೆ ಮಾಹಿತಿ ಕೊಡಬಹುದು, ಅಷ್ಟಕ್ಕೆ ಮಗು ಅಪರಾಧಿಯಾಗುವುದಿಲ್ಲ.

ಧರ್ಮಸಭೆಯ ಹೆಸರಿನಲ್ಲಿ ಉಳಿದಿರುವ ಒಂದು ಭಯವನ್ನೂ ಬಿಡಿಸಬೇಕು. ಆತ್ಮಹತ್ಯೆಯಿಂದ ಸತ್ತವರಿಗೆ ಅಂತ್ಯಕ್ರಿಯೆಯ ವಿಧಿ ನಿರಾಕರಿಸುವ ನಿಯಮ 1917ರ ಸಂಹಿತೆಯಲ್ಲಿತ್ತು. 1983ರ ಸಂಹಿತೆಯಲ್ಲಿ ಅದನ್ನು ಕೈಬಿಡಲಾಗಿದೆ. ತೀವ್ರ ಮಾನಸಿಕ ತೊಂದರೆ, ಸಂಕಟ, ಭಯಗಳು ಹೊಣೆಗಾರಿಕೆಯನ್ನು ಕಡಿಮೆ ಮಾಡುತ್ತವೆ, ಅಂಥವರ ರಕ್ಷಣೆಯ ಬಗ್ಗೆ ನಾವು ನಿರಾಶರಾಗಬಾರದು ಎಂದು ಧರ್ಮೋಪದೇಶ ಗ್ರಂಥ (2282, 2283) ಹೇಳುತ್ತದೆ. ಆದರೂ ಸಮಾಧಿಯ ಬಳಿ ಪಿಸುಮಾತು ನಿಂತಿಲ್ಲ. ಆ ಪಿಸುಮಾತು ಕೇಳಿಸಿಕೊಂಡ ಅದೇ ಮನೆಯ ತಂಗಿ, ತಮ್ಮ ಮುಂದೆ ಯಾರ ಬಳಿಯೂ ಬಾಯಿ ಬಿಡುವುದಿಲ್ಲ.

ಒಮ್ಮೆ ಯತ್ನಿಸಿ ಉಳಿದವರಿಗೆ ಆಸ್ಪತ್ರೆಯಿಂದ ಮನೆಗೆ ಬಂದ ನಂತರದ ಮೊದಲ ಕೆಲವು ವಾರಗಳು ಬಹಳ ಅಪಾಯದವು. ಆಗಲೇ ಜನ ಬರುವುದನ್ನು ನಿಲ್ಲಿಸುತ್ತಾರೆ. ಕಿರು ಕ್ರೈಸ್ತ ಸಮುದಾಯದ ಮುಖ್ಯಸ್ಥರು ಇಬ್ಬರನ್ನು ನೇಮಿಸಿ, ವಾರಕ್ಕೆ ಎರಡು ಸಲ ಆ ಮನೆಗೆ ಹೋಗಿ ಚಹಾ ಕುಡಿದು ಬರಲು ಹೇಳಲಿ. 'ಯಾಕ ಹಂಗ ಮಾಡ್ಕೊಂಡಿ?' ಎಂದು ಕೇಳುವುದು ಬೇಡ. ಮಾತ್ರೆ ಮುಗಿದಿದೆಯೇ, ಮುಂದಿನ ಮಂಗಳವಾರ ಆಸ್ಪತ್ರೆಗೆ ಯಾರು ಜೊತೆಗೆ ಹೋಗುತ್ತಾರೆ, ಬಸ್ಸಿಗೆ ದುಡ್ಡು ಇದೆಯೇ ಎಂದು ಕೇಳಿದರೆ ಸಾಕು.