ದೂರದ ಹಕ್ಕಿ, ಅಗಲದ ಗಾಜು

ಎಸ್‌ಎಲ್‌ಆರ್ ಕ್ಯಾಮೆರಾಕ್ಕೆ ಟೆಲಿ ಜೂಮ್ ಕೊಳ್ಳಲು ಹೊರಟವರು ಮೊದಲು ವಿಚಾರಿಸುವುದು ‘ಎಷ್ಟು ಎಂಎಂ?’ ಎಂದೇ. 300 ಇದ್ದವರಿಗೆ 400ರ ಆಸೆ, 400 ಇದ್ದವರಿಗೆ 600ರದು. ಆದರೆ ಅದಕ್ಕೂ ಮುಂಚೆ ಕೇಳಬೇಕಾದದ್ದು, ಬೆಳಕು ಒಳಬರುವ ಕಂಡಿ ಎಷ್ಟು ಅಗಲ ಎಂಬುದನ್ನು. ಇದರ ಲೆಕ್ಕ ಸುಲಭ: ಲೆನ್ಸಿನ ಸಂಗಮ ದೂರವನ್ನು, ಅಂದರೆ ಆ ಎಂಎಂ ಸಂಖ್ಯೆಯನ್ನು, ಎಫ್ ಸಂಖ್ಯೆಯಿಂದ ಭಾಗಿಸಿದರೆ, ಮುಂದಿನಿಂದ ನೋಡಿದಾಗ ಕಾಣುವ ಕಂಡಿಯ ವ್ಯಾಸ ಸಿಗುತ್ತದೆ. ಅನೇಕರ ಬಳಿ ಇರುವ 55-250 ಲೆನ್ಸನ್ನು ಪೂರ್ತಿ ಚಾಚಿದಾಗ ಎಫ್/5.6ರಲ್ಲಿ ಅದು ಸುಮಾರು 45 ಮಿ.ಮೀ. 150-600 ಲೆನ್ಸ್ 600ರಲ್ಲಿ ಎಫ್/6.3 ಕೊಡಬೇಕಾದರೆ 95 ಮಿ.ಮೀ. ಬೇಕು. ಟ್ಯಾಮ್ರನ್ ಕಂಪನಿಯ ಅಂಥ ಲೆನ್ಸಿಗೆ 95 ಮಿ.ಮೀ. ಅಗಲದ ಫಿಲ್ಟರ್ ಹಾಕಬೇಕಾಗುವುದು ಈ ಕಾರಣಕ್ಕೇ.

ಕೊಂಬೆಯ ಮೇಲಿನ ಹಕ್ಕಿಯಿಂದ ಬೆಳಕು ಎಲ್ಲ ದಿಕ್ಕಿಗೂ ಚದುರುತ್ತಿರುತ್ತದೆ. ಅದರಲ್ಲಿ ಈ ಕಂಡಿಯೊಳಗೆ ಬಿದ್ದಷ್ಟು ಮಾತ್ರ ಚಿತ್ರವಾಗುತ್ತದೆ. ಸಂಗಮ ದೂರ ಹೆಚ್ಚಿದಂತೆ ಅಷ್ಟೇ ಬೆಳಕು ಸೆನ್ಸರಿನ ಮೇಲೆ ಇನ್ನೂ ಅಗಲಕ್ಕೆ ಹರಡುತ್ತದೆ. ಹೊಸ ಬೆಳಕೇನೂ ಬರುವುದಿಲ್ಲ. ಎರಡು ಪಟ್ಟಿನ ಟೆಲಿಕನ್ವರ್ಟರ್ ಹಾಕಿದರೆ ಇದು ಕಣ್ಣಿಗೇ ಕಾಣುತ್ತದೆ. 300 ಎಂಎಂ ಎಫ್/2.8 ಲೆನ್ಸ್ ಆಗ 600 ಎಫ್/5.6 ಆಗುತ್ತದೆ, 300 ಎಫ್/4 ಲೆನ್ಸ್ 600 ಎಫ್/8 ಆಗುತ್ತದೆ. ಎರಡೂ 600 ಎಂಎಂ, ಆದರೆ ಒಂದರ ಕಂಡಿ 107 ಮಿ.ಮೀ., ಇನ್ನೊಂದರದು 75. ಒಂದೇ ಹಕ್ಕಿಯಿಂದ ಮೊದಲನೆಯದು ಎರಡನೆಯದರ ಇಮ್ಮಡಿ ಬೆಳಕು ಹಿಡಿಯುತ್ತದೆ. ಎಫ್/8ಕ್ಕೆ ಇಳಿದಾಗ ಅನೇಕ ಎಸ್‌ಎಲ್‌ಆರ್‌ಗಳ ಆಟೋಫೋಕಸ್ ತಡಕಾಡುತ್ತದೆ, ಕೆಲವುಗಳಲ್ಲಿ ನಿಂತೇಹೋಗುತ್ತದೆ. ಪುಕ್ಕದ ಎಳೆ ಎಷ್ಟು ಬಿಡಿಬಿಡಿಯಾಗಿ ಮೂಡಬಲ್ಲದು ಎಂಬುದಕ್ಕೆ ಬೆಳಕಿನ ವಿವರ್ತನೆ ಹಾಕುವ ಮಿತಿಯೂ ಇದೇ ಅಗಲವನ್ನು ಅವಲಂಬಿಸಿದೆ.

ಈಗಿನ ಕ್ಯಾಮೆರಾಗಳಲ್ಲಿ ಐಎಸ್‌ಒ ಏರಿಸಿದರಾಯಿತಲ್ಲ ಎನ್ನುವವರಿದ್ದಾರೆ. ಐಎಸ್‌ಒ ಬಂದ ಬೆಳಕಿನ ಸಂಕೇತವನ್ನು ಹಿಗ್ಗಿಸುತ್ತದೆ, ಬೆಳಕನ್ನು ಸೃಷ್ಟಿಸುವುದಿಲ್ಲ. ಬೆಳಕು ಕಾಲುಭಾಗಕ್ಕೆ ಇಳಿದರೆ, ಸೆನ್ಸರ್ ಎಷ್ಟೇ ಒಳ್ಳೆಯದಾಗಿರಲಿ, ಗದ್ದಲದ (ನಾಯ್ಸ್) ಎದುರು ಚಿತ್ರದ ಬಲ ಅರ್ಧಕ್ಕೆ ಇಳಿಯುತ್ತದೆ. ಅದು ಬೆಳಕಿನ ಕಣಗಳ ಸ್ವಭಾವ. ಕ್ಯಾನನ್ 1995ರಲ್ಲಿ 75-300 ಜೂಮಿಗೆ ಅಳವಡಿಸಿದ ಕಂಪನ ನಿವಾರಣೆ ನಿಜಕ್ಕೂ ದೊಡ್ಡ ಉಪಕಾರ. ಆದರೆ ಅದು ಸರಿಪಡಿಸುವುದು ನಮ್ಮ ಕೈನಡುಕವನ್ನು. ಮಿಂಚುಳ್ಳಿಯ ರೆಕ್ಕೆಗೆ ವೇಗದ ಶಟರ್ ಬೇಕು, ಅದಕ್ಕೆ ಬೆಳಕೇ ಬೇಕು.

ತೂಕದ ಆಕ್ಷೇಪವನ್ನು ಮಾತ್ರ ತಳ್ಳಿಹಾಕಲಾಗದು. ನಿಕಾನ್ 200-500 ಎಫ್/5.6 ಲೆನ್ಸೇ ಸುಮಾರು 2.3 ಕಿಲೋ ಇದೆ. ಹಗಲಿನಲ್ಲಿ, ಹತ್ತಿರದ ಪ್ರಾಣಿಯನ್ನು ಹಿಡಿಯುವವರಿಗೆ 55-250 ಧಾರಾಳ ಸಾಕು, ಬೆನ್ನಿಗೂ ಹಿತ. ಕಬಿನಿ ಹಿನ್ನೀರಿನ ಆಚೆ ದಡದಂಥ ದೂರಕ್ಕೆ ಬಂದಾಗ ಮಾತ್ರ ಇನ್ನೊಂದು ತೊಡಕು ಎದುರಾಗುತ್ತದೆ. ಬಿಸಿಲೇರಿದ ಮೇಲೆ ನೆಲದಿಂದೇಳುವ ಬಿಸಿಗಾಳಿ ಬೆಳಕನ್ನು ಅಲ್ಲಾಡಿಸಿ ಆನೆಯ ಅಂಚನ್ನೇ ಕಲಸಿಬಿಡುತ್ತದೆ. ಅಲ್ಲಿ 600 ಎಂಎಂ ಆಗಲಿ, 107 ಮಿ.ಮೀ. ಗಾಜಾಗಲಿ ನೆರವಾಗದು. ಗಾಳಿ ತಣ್ಣಗಿರುವ ಮುಂಜಾನೆಗೆ ಕಾಯಬೇಕು, ಆಗ ಬೆಳಕು ಕಡಿಮೆ, ಅಗಲದ ಕಂಡಿಗೆ ಕೆಲಸ ಹೆಚ್ಚು.